ಐಇಎಲ್‌ಟಿಎಸ್ ರೀಡಿಂಗ್‌ನಲ್ಲಿ ಮಾರ್ಕ್ಸ್ ಎಲ್ಲಿ ಸೋರ್ತಿದೆ? ಟ್ರಾನ್ಸ್‌ಫರ್‌ಗೆ ರೆಡಿ ಆಗ್ತಿರೋರಿಗೆ ದೋಷ ಹುಡುಕೋ ಕೈಪಿಡಿ

ಇಲ್ಲಿ ಎರಡು ವರ್ಷ ಇಂಜಿನಿಯರಿಂಗೋ ಬಿಕಾಮೋ ಓದಿ ಮೂರನೇ ವರ್ಷಕ್ಕೆ ಕ್ರೆಡಿಟ್ ಸಮೇತ ಹೊರದೇಶದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ಬೇಕು ಅಂತಿರೋ ಹುಡುಗ್ರು ಹುಡುಗೀರು ನನ್ ಹತ್ರ ಬರ್ತಾನೇ ಇರ್ತಾರೆ, ಮಾರ್ಕ್ಸ್ ಕಾರ್ಡ್ ರೆಡಿ, ಸಿಲಬಸ್ ಕಾಪಿ ರೆಡಿ, ಮನೇಲಿ ದುಡ್ಡಿನ ಲೆಕ್ಕಾನೂ ಆಗಿರುತ್ತೆ, ಸಿಕ್ಕಾಕ್ಕೊಳ್ಳೋದು ಮಾತ್ರ ಹೊರದೇಶದ ಯೂನಿವರ್ಸಿಟಿಗಳು ಕೇಳೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನ ರೀಡಿಂಗಲ್ಲಿ, ಅಂದ್ರೆ ಓದಿ ಉತ್ತರ ಬರೆಯೋ ಭಾಗದಲ್ಲಿ. 9ರ ಅಳತೇಲಿ (ಈ ಸ್ಕೋರಿಗೆ ಬ್ಯಾಂಡ್ ಅಂತಾರೆ) ಲಿಸನಿಂಗ್ 7 ಬಂದಿರುತ್ತೆ, ಸ್ಪೀಕಿಂಗ್ ಹೆಂಗೋ 6.5, ರೀಡಿಂಗ್ ಮಾತ್ರ 5.5ಗೆ ಅಂಟ್ಕೊಂಡು ಕೂತಿರುತ್ತೆ. ಯಾರನ್ನ ಕೇಳಿದ್ರೂ ಒಂದೇ ಮಾತು, "ದಿನಾ ಇಂಗ್ಲಿಷ್ ಪೇಪರ್ ಓದಪ್ಪಾ, ತಾನಾಗೇ ಬರುತ್ತೆ". ಸಲಹೆ ತಪ್ಪಂತ ಅಲ್ಲ, ಆದ್ರೆ ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಕಿಕ್ ಹೊಡೀತಾನೇ ಇರು ಅಂದಂಗಾಯ್ತು ಅದು. ಪೆಟ್ರೋಲ್ ಇಲ್ವಾ, ಪ್ಲಗ್ ಕಪ್ಪಾಗಿದ್ಯಾ, ಮೊದ್ಲು ನೋಡ್ಬೇಕಲ್ವಾ.

ಮೊದ್ಲು ಪರೀಕ್ಷೆ ಏನು ಅಂತ ಸರಿಯಾಗಿ ತಿಳ್ಕೊಳಿ, ಫೀಸ್ ಕಟ್ಟಿದ ಮೇಲೂ ಇದು ಗೊತ್ತಿಲ್ದೇ ಇರೋರು ಇದಾರೆ. ಮೂರು ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಮೂರೂ ಸೇರಿ 2150ರಿಂದ 2750 ಪದ. ಪ್ರಶ್ನೆಗೆ ಒಂದು ಮಾರ್ಕು, ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಂಗಾಗಿ ಯಾವುದನ್ನೂ ಖಾಲಿ ಬಿಟ್ಟು ಬರಬೇಡಿ. ಪೇಪರಲ್ಲಿ ಬರೆಯೋದಾದ್ರೆ ಲಿಸನಿಂಗಲ್ಲಿ ಕೊಡೋ ಥರ ಆನ್ಸರ್ ಶೀಟಿಗೆ ಇಳಿಸೋಕೆ ಎಕ್ಸ್‌ಟ್ರಾ ಹತ್ತು ನಿಮಿಷ ಇಲ್ಲಿ ಇಲ್ಲ, ಆ 60ರೊಳಗೇ ಎಲ್ಲ ಮುಗೀಬೇಕು. ಸ್ಕೋರಿನ ಲೆಕ್ಕ ಪೇಪರಿಂದ ಪೇಪರಿಗೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತೆ, ಅಂದಾಜು 23 ಸರಿ ಆದ್ರೆ 6, 30 ಸರಿ ಆದ್ರೆ 7. ಅಂದ್ರೆ 6ರಿಂದ 7ಕ್ಕೆ ಹೋಗೋಕೆ ಏಳೇ ಪ್ರಶ್ನೆ, ಪ್ಯಾಸೇಜಿಗೆ ಎರಡೋ ಮೂರೋ. ಅಷ್ಟು ಮಾರ್ಕು ಯಾವ ತೂತಲ್ಲಿ ಹೋಗ್ತಿದೆ ಅಂತ ಗೊತ್ತಾದ್ರೆ ಸಾಕು, ಇಂಗ್ಲಿಷ್ ಪೂರ್ತಿ ಹೊಸದಾಗಿ ಕಲಿಯೋದೇನೂ ಬೇಡ.

ಮೂರು ಇಂಕಿನ ಟೆಸ್ಟ್

ಹೊಸಾ ಪ್ಯಾಸೇಜ್ ಒಂದು ತಗೊಳಿ, ಆನ್‌ಲೈನಲ್ಲಿ ಯಾರೋ ಟೈಪ್ ಮಾಡಿ ಹಾಕಿದ್ದಲ್ಲ, ಅಫೀಶಿಯಲ್ ಪ್ರಾಕ್ಟೀಸ್ ಪೇಪರೇ ಬೇಕು. ಯಾಕಂದ್ರೆ ಅಲ್ಲಿ ಇಲ್ಲಿ ಸಿಗೋದ್ರಲ್ಲಿ ಪ್ರಶ್ನೆಗಳೇ ಅಡ್ಡಾದಿಡ್ಡಿ ಇರ್ತವೆ, ನೀವು ಸರಿ ಬರೆದು ಕೀ (ಸರಿ ಉತ್ತರದ ಪಟ್ಟಿ) ತಪ್ಪಿರುತ್ತೆ, ಸುಮ್ನೆ ತಲೆ ಕೆಡುತ್ತೆ.

ನೀಲಿ ಪೆನ್ನಲ್ಲಿ 20 ನಿಮಿಷ, ಅಲಾರಂ ಹೊಡೆದ ತಕ್ಷಣ ನಿಲ್ಸಿ. ಆಮೇಲೆ ಕಪ್ಪು ಪೆನ್ನು, ಈಗ ಟೈಮ್ ಲಿಮಿಟ್ ಇಲ್ಲ, ಎಷ್ಟು ಬೇಕಾದ್ರೂ ಓದಿ, ಉಳಿದಿದ್ದು ಬರೀರಿ, ಹಳೇ ಉತ್ತರ ಬದಲಾಯಿಸ್ಬೇಕು ಅನ್ಸಿದ್ರೆ ಪಕ್ಕದಲ್ಲಿ ಕಪ್ಪಲ್ಲಿ ಬರೀರಿ, ಆದ್ರೆ ಡಿಕ್ಷನರಿ ಮುಟ್ಟಬೇಡಿ. ಮೂರನೇದು ಕೆಂಪು, ಈಗ ಡಿಕ್ಷನರಿ ನೋಡಬಹುದು, ಬರೀ ಪದಗಳ ಅರ್ಥ ಮಾತ್ರ, ಇಡೀ ಸೆಂಟೆನ್ಸನ್ನ ಫೋನಿಗೆ ಹಾಕಿ ಕನ್ನಡ ಮಾಡಿಸೋದಲ್ಲ. ಇಷ್ಟೆಲ್ಲ ಆದಮೇಲೇ ಕೀ ತೆಗೀಬೇಕು. ಈಗ ನಿಮ್ಮ ಹತ್ರ ಮೂರು ಸ್ಕೋರ್ ಇರುತ್ತೆ.

ನೀಲಿ ಕಡಿಮೆ, ಕಪ್ಪಲ್ಲಿ ಚೆನ್ನಾಗಿ ಏರಿದೆ ಅಂದ್ರೆ ಭಾಷೆ ಸರಿ ಇದೆ, ಟೈಮಿನ ಸಮಸ್ಯೆ. ನೀಲಿ ಕಪ್ಪು ಎರಡೂ ಒಂದೇ ಥರ ಕೆಳಗಿದ್ದು ಕೆಂಪಲ್ಲಿ ಏರಿದೆ ಅಂದ್ರೆ ಪದಗಳ ಸಮಸ್ಯೆ. ಮೂರೂ ಅಲ್ಲಲ್ಲೇ ಇದೆ ಅಂದ್ರೆ ವಾಕ್ಯ ಬಿಡಿಸೋಕೆ ಬರ್ತಿಲ್ಲ, ಇಲ್ಲಾ ಪ್ರಶ್ನೆಯ ಬಲೆಗೆ ಬೀಳ್ತಿದೀರ. ಈ ಎರಡನ್ನ ಬೇರೆ ಮಾಡೋದು ಹೆಂಗಂದ್ರೆ, ತಪ್ಪಾದ ಪ್ರಶ್ನೆಯ ಉತ್ತರ ಪ್ಯಾಸೇಜಲ್ಲಿ ಯಾವ ಲೈನಲ್ಲಿದ್ಯೋ ಅದರ ಮೇಲೆ ಬೆರಳಿಟ್ಟು ಜೋರಾಗಿ ಕನ್ನಡದಲ್ಲಿ ಹೇಳಿ, ಪಕ್ಕದಲ್ಲಿ ಅಕ್ಕನೋ ರೂಮ್‌ಮೇಟೋ ಕೂತಿದ್ರೆ ಇನ್ನೂ ಒಳ್ಳೇದು. ಸರಿಯಾಗಿ ಹೇಳಿದ್ರಿ, ಆದ್ರೂ ಉತ್ತರ ತಪ್ಪು ಅಂದ್ರೆ ದೋಷ ಪ್ರಶ್ನೆ ಓದೋದ್ರಲ್ಲಿದೆ. ಹೇಳೋಕೇ ತಡವರಿಸಿದ್ರಿ ಅಂದ್ರೆ ವಾಕ್ಯದಲ್ಲಿದೆ.

ಒಂದೇ ಪ್ಯಾಸೇಜಲ್ಲಿ ತೀರ್ಪು ಕೊಡಬೇಡಿ, ಅದೇ ಪ್ಯಾಸೇಜನ್ನ ಮತ್ತೆ ಓದಿದ್ದಕ್ಕೂ ಸ್ವಲ್ಪ ಮಾರ್ಕ್ಸ್ ಏರಿರುತ್ತೆ. ಬೇರೆ ಬೇರೆ ವಿಷಯದ್ದು ಎರಡೋ ಮೂರೋ ಮಾಡಿ ನೋಡಿ, ಚಿತ್ರ ಸ್ಪಷ್ಟ ಆಗುತ್ತೆ.

"ಪ್ಯಾಸೇಜ್ ಅರ್ಥ ಆಗುತ್ತೆ ಸರ್, ಆನ್ಸರ್ ಮಾತ್ರ ತಪ್ಪಾಗುತ್ತೆ"

ನಾನು ಅತೀ ಹೆಚ್ಚು ಕೇಳೋ ಕಂಪ್ಲೇಂಟ್ ಇದು. ಇದರ ಬೇರು ಎಸ್ಸೆಸ್ಸೆಲ್ಸಿ ಪಿಯುಸೀಲೇ ಇದೆ ಅಂತ ನನ್ನ ಅಭಿಪ್ರಾಯ. ಅಲ್ಲಿ ಪ್ಯಾಸೇಜ್ ಬಂದ್ರೆ ನಾವು ಏನ್ ಮಾಡ್ತಿದ್ವಿ, ಪ್ರಶ್ನೇಲಿರೋ ಪದ ಪ್ಯಾಸೇಜಲ್ಲಿ ಎಲ್ಲಿದೆ ಹುಡುಕಿ ಆ ಲೈನ್ ಎತ್ತಿ ಹಂಗೇ ಬರೆದ್ರೆ ಮಾರ್ಕು ಗ್ಯಾರಂಟಿ, ಅರ್ಥ ಆಯ್ತೋ ಬಿಡ್ತೋ ಯಾರೂ ಕೇಳ್ತಿರ್ಲಿಲ್ಲ. ಐಇಎಲ್‌ಟಿಎಸ್ ಪ್ರಶ್ನೆ ತೆಗೆಯೋರು ಇದೇ ಅಭ್ಯಾಸವನ್ನ ಹಿಡಿಯೋಕೆ ಕೂತಿರ್ತಾರೆ. ಪ್ರಶ್ನೇಲಿರೋ ಪದ ಪ್ಯಾಸೇಜಲ್ಲಿ ಹಂಗೇ ಕಾಣಿಸ್ತು ಅಂದ್ರೆ ಖುಷಿ ಪಡೋ ಬದ್ಲು ಅನುಮಾನ ಪಡಿ.

ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೇಲಿ ಇದು ಚೆನ್ನಾಗಿ ಕಾಣುತ್ತೆ, ಅಲ್ಲಿ ಕೊಟ್ಟ ಹೇಳಿಕೆ ಪ್ಯಾಸೇಜಿಗೆ ಹೊಂದಿದ್ರೆ ಟ್ರೂ, ಉಲ್ಟಾ ಇದ್ರೆ ಫಾಲ್ಸ್, ಪ್ಯಾಸೇಜ್ ಅದರ ಬಗ್ಗೆ ಏನೂ ಹೇಳದಿದ್ರೆ ನಾಟ್ ಗಿವನ್. ನಮ್ಮ ಊರಿನ ವಿಷಯದ್ದೇ ಒಂದು ವಾಕ್ಯ ಮಾಡಿದೀನಿ, ನಿಧಾನಕ್ಕೆ ಓದಿ:

"ದ ಟ್ಯಾಂಕ್ಸ್ ದಟ್ ಒನ್ಸ್ ಸಪ್ಲೈಡ್ ದ ಸಿಟಿ ವಿತ್ ಡ್ರಿಂಕಿಂಗ್ ವಾಟರ್, ಮೆನಿ ಆಫ್ ವಿಚ್ ವರ್ ಡ್ರೇನ್ಡ್ ಫಾರ್ ಲೇಔಟ್ಸ್ ಆಫ್ಟರ್ ಪೈಪ್ಡ್ ಸಪ್ಲೈ ಅರೈವ್ಡ್, ಹ್ಯಾವ್ ಸೆಲ್ಡಮ್ ಬೀನ್ ಕೌಂಟೆಡ್ ಆಸ್ ಪಾರ್ಟ್ ಆಫ್ ಇಟ್ಸ್ ಇನ್‌ಫ್ರಾಸ್ಟ್ರಕ್ಚರ್."

ಟ್ಯಾಂಕ್ ಅಂದ್ರೆ ಇಲ್ಲಿ ಕೆರೆ, ಮನೆ ಮೇಲಿನ ಸಿಂಟೆಕ್ಸ್ ಅಲ್ಲ. ಈಗ ನಾಲ್ಕು ಹೇಳಿಕೆ. ಒಂದನೇದು, ಕೆರೆಗಳನ್ನ ನಗರದ ಇನ್‌ಫ್ರಾಸ್ಟ್ರಕ್ಚರ್ ಅಂತ ಆಗಾಗ ಪರಿಗಣಿಸಲಾಗಿದೆ. ಇದು ಫಾಲ್ಸ್, ಯಾಕಂದ್ರೆ "ಸೆಲ್ಡಮ್" ಅಂದ್ರೆ ತೀರಾ ಅಪರೂಪಕ್ಕೆ, ನೇರವಾಗಿ ಉಲ್ಟಾ ಇದೆ. ಎರಡನೇದು, ಕೆಲವು ಕೆರೆಗಳು ಬತ್ತಿಸೋ ಹೊತ್ತಿಗೆ ನಲ್ಲಿ ನೀರು ಬಂದಾಗಿತ್ತು. ಇದು ಟ್ರೂ, "ಆಫ್ಟರ್" ಅನ್ನೋ ಒಂದು ಪದದ ಮೇಲೆ ನಿಂತಿದೆ, ಪ್ರಶ್ನೆಯ ಒಂದು ಪದಾನೂ ವಾಕ್ಯದ ಪದಕ್ಕೆ ಹೊಂದಲ್ಲ ಅಂತ ಹುಡುಗ್ರು ಇದನ್ನ ನಾಟ್ ಗಿವನ್‌ಗೆ ಹಾಕಿ ಕಳ್ಕೊಳ್ತಾರೆ. ಮೂರನೇದು, ನಗರದ ಬಹುಪಾಲು ಕೆರೆಗಳನ್ನ ಲೇಔಟಿಗಾಗಿ ಬತ್ತಿಸಲಾಯ್ತು. ಇಲ್ಲೇ ಎಲ್ರೂ ಬೀಳೋದು. ವಾಕ್ಯದಲ್ಲಿರೋದು "ಮೆನಿ", ತುಂಬ ಕೆರೆ ಅಂತ ಅಷ್ಟೇ, ಅರ್ಧಕ್ಕಿಂತ ಜಾಸ್ತಿ ಅಂತ ಎಲ್ಲೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ, ಹಂಗಾಗಿ ನಾಟ್ ಗಿವನ್. ನಾಲ್ಕನೇದು, ಕೆರೆ ಮುಚ್ಚಿದ್ರಿಂದ ಅಂತರ್ಜಲ ಕುಸೀತು. ಬೆಂಗಳೂರಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರಿಗೆ ಕಾದೋನು ಕಣ್ಮುಚ್ಚಿ ಟ್ರೂ ಅಂತ ಟಿಕ್ ಮಾಡ್ತಾನೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಗಿದ್ದು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿದ್ದು, 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂದಿದ್ದು ಎಲ್ಲ ಗೊತ್ತಿರೋನು ಇನ್ನೂ ಬೇಗ ಬೀಳ್ತಾನೆ. ಪ್ಯಾಸೇಜಲ್ಲಿ ಅಂತರ್ಜಲದ ಸುದ್ದಿನೇ ಇಲ್ಲ, ನಾಟ್ ಗಿವನ್. ನಿಮಗೆ ಗೊತ್ತಿರೋದು ಎಷ್ಟೇ ನಿಜ ಇದ್ರೂ ಈ ಒಂದು ಗಂಟೆ ಅದಕ್ಕೆ ಬೆಲೆ ಇಲ್ಲ.

ರಿಪೇರಿ: ಹೇಳಿಕೆ ಓದೋವಾಗ ಅದರ ಅಳತೆ ಪದಗಳಿಗೆ ಗೆರೆ ಎಳೀರಿ. ಆಲ್, ಮೋಸ್ಟ್, ಸಮ್, ಓನ್ಲಿ, ಫಸ್ಟ್, ಬಿಕಾಸ್, ಮೋರ್ ದ್ಯಾನ್, ಇಂಥವು. ಹೆಸರು, ಇಸವಿ ಇವೆಲ್ಲ ಜಾಗ ಹುಡುಕೋಕೆ ಮಾತ್ರ, ಉತ್ತರ ನಿರ್ಧಾರ ಆಗೋದು ಈ ಸಣ್ಣ ಪದಗಳಲ್ಲೇ. ಆಮೇಲೆ ಫಾಲ್ಸ್ ಹಾಕೋ ಮುಂಚೆ "ಇದು ಸುಳ್ಳು ಅಂತ ತೋರ್ಸೋ ಪದ ಯಾವುದು" ಅಂತ ನಿಮ್ಮನ್ನೇ ಕೇಳ್ಕೊಳಿ, ಬೆರಳಿಟ್ಟು ತೋರ್ಸೋಕೆ ಆಗದಿದ್ರೆ ಅದು ಬಹುತೇಕ ನಾಟ್ ಗಿವನ್. ಈ ಥರದ ಪ್ರಶ್ನೆಗಳು ಪ್ಯಾಸೇಜಿನ ಕ್ರಮದಲ್ಲೇ ಬರ್ತವೆ, ಹಂಗಾಗಿ 4ರ ಉತ್ತರ ಸಿಕ್ಕು 6ರದ್ದೂ ಸಿಕ್ಕಿದ್ರೆ 5ನೇದನ್ನ ಅವೆರಡರ ಮಧ್ಯೆ ಮಾತ್ರ ಹುಡುಕಿ, ಇಲ್ದಿದ್ರೆ ನಾಟ್ ಗಿವನ್ ಹಾಕಿ ಮುಂದೆ ಹೋಗಿ, ಇಲ್ದಿರೋದನ್ನ ಹುಡುಕ್ತಾ ಐದು ನಿಮಿಷ ಸುಡೋರು ಎಷ್ಟೋ ಜನ.

ಲಕ್ಷಣ: ಪದ ಎಲ್ಲ ಗೊತ್ತು, ವಾಕ್ಯ ಗೊತ್ತಿಲ್ಲ

ಮೇಲಿನ ಅದೇ ಕೆರೆ ವಾಕ್ಯಕ್ಕೆ ವಾಪಸ್ ಬನ್ನಿ. ಇದರ ಮುಖ್ಯ ಮಾತು ಏನು? ಕೆರೆಗಳನ್ನ ಲೆಕ್ಕಕ್ಕೆ ತಗೊಂಡಿದ್ದು ಅಪರೂಪ, ಅಷ್ಟೇ. ಆದ್ರೆ ತುಂಬ ಜನ "ಕೆರೆಗಳು ನೀರು ಕೊಡ್ತಿದ್ವು, ಲೇಔಟ್ ಮಾಡಿದ್ರು" ಅಂತ ಹೇಳಿ ನಿಲ್ಲಿಸ್ತಾರೆ, ಅಸಲಿ ಕ್ರಿಯಾಪದ ಕೊನೇಲಿ ಎಲ್ಲೋ ಹೂತಿರುತ್ತೆ, ಅಲ್ಲಿಗೆ ಬರೋಷ್ಟರಲ್ಲಿ ಸುಸ್ತಾಗಿರ್ತಾರೆ. ನಮಗೆ ಇದು ಕಷ್ಟ ಆಗೋಕೆ ಕಾರಣ ಇದೆ, ಕನ್ನಡದಲ್ಲಿ "ನಿನ್ನೆ ಅಂಗಡಿ ಮುಂದೆ ಜಗಳ ಆಡಿದ ಹುಡುಗ" ಅಂತ ವಿವರ ಎಲ್ಲ ಮೊದಲು ಬಂದು ಹುಡುಗ ಆಮೇಲೆ ಬರ್ತಾನೆ, ಇಂಗ್ಲಿಷಲ್ಲಿ ಹುಡುಗ ಮೊದಲು ಬಂದು ಬಾಲ ಹಿಂದೆ ಬೆಳೀತಾ ಹೋಗುತ್ತೆ, ಬಾಲದೊಳಗೆ ಇನ್ನೊಂದು ಬಾಲ. ಹಂಗಾಗಿ ಹುಡುಗ ಏನ್ ಮಾಡ್ದ ಅನ್ನೋದು ಬರೋ ತನಕ ಅವನನ್ನ ನೆನಪಲ್ಲಿ ಹಿಡ್ಕೊಂಡಿರ್ಬೇಕು.

ಇದಕ್ಕೆ ವ್ಯಾಕರಣ ಪುಸ್ತಕ ಪೂರ್ತಿ ಓದೋ ಅಗತ್ಯ ಇಲ್ಲ. ಪೆನ್ಸಿಲ್ ತಗೊಂಡು ವಿಚ್, ದಟ್, ಹೂ ಇಂದ ಶುರುವಾಗೋ ತುಂಡನ್ನ, ಎರಡು ಕಾಮಾ ಮಧ್ಯೆ ಸಿಕ್ಕಿರೋ ತುಂಡನ್ನ ಬ್ರ್ಯಾಕೆಟ್ಟಿಗೆ ಹಾಕಿ. ಉಳಿದಿದ್ದನ್ನ ಓದಿ: ಟ್ಯಾಂಕ್ಸ್, ಹ್ಯಾವ್ ಸೆಲ್ಡಮ್ ಬೀನ್ ಕೌಂಟೆಡ್. ಅಸ್ಥಿಪಂಜರ ಸಿಕ್ತು. ಆಮೇಲೆ ಬ್ರ್ಯಾಕೆಟ್ ಒಂದೊಂದಾಗಿ ವಾಪಸ್ ಸೇರಿಸಿ. ದಿನಕ್ಕೆ ನಾಲ್ಕೈದು ಉದ್ದದ ವಾಕ್ಯ ಹಿಂಗೆ ಬಿಡಿಸಿದ್ರೆ ಸಾಕು, ಸ್ವಲ್ಪ ದಿನದಲ್ಲಿ ಪೆನ್ಸಿಲ್ ಇಲ್ದೇನೇ ಕಣ್ಣು ಅದನ್ನ ಮಾಡುತ್ತೆ. ಮೊಬೈಲಲ್ಲಿ ಮಾಡೋಕೆ ಹೋಗಬೇಡಿ, ಕಾಗದ ಬೇಕು, ಪ್ರಿಂಟ್ ಹಾಕ್ಸಿ.

ದಿಸ್, ಸಚ್, ದ ಲ್ಯಾಟರ್ ಇವನ್ನೂ ಬಿಡಬೇಡಿ. "ದಿಸ್ ಅಪ್ರೋಚ್" ಅಂತ ಬಂದ್ರೆ ಯಾವ ಅಪ್ರೋಚು ಅಂತ ಹಿಂದಕ್ಕೆ ಬಾಣ ಎಳೀರಿ, ಬಾಣ ಎಳೆಯೋಕೆ ಜಾಗ ಗೊತ್ತಾಗ್ಲಿಲ್ಲ ಅಂದ್ರೆ ಹಿಂದಿನ ವಾಕ್ಯ ನಿಮಗೆ ಅರ್ಥ ಆಗಿರ್ಲಿಲ್ಲ ಅಂತಲೇ ಲೆಕ್ಕ.

ಲಕ್ಷಣ: ಕೆಂಪು ಇಂಕಲ್ಲಿ ಮಾತ್ರ ಮಾರ್ಕ್ಸ್ ಬರ್ತಿದೆ

ಅಂದ್ರೆ ಪದ ಸಾಲ್ತಿಲ್ಲ. ಎಷ್ಟು ಸಾಲ್ತಿಲ್ಲ ಅಂತ ಅಳೀರಿ: ಪ್ಯಾಸೇಜಿನ ಯಾವುದಾದ್ರೂ 100 ಪದ ಎಣಿಸಿ, ಗೊತ್ತಿಲ್ದಿರೋದಕ್ಕೆ ಗುರುತು ಹಾಕಿ. ಹು ಮತ್ತು ನೇಷನ್ ಅನ್ನೋ ಸಂಶೋಧಕರು 2000ದಲ್ಲಿ ತೋರಿಸಿದ ಪ್ರಕಾರ ಯಾರ ಸಹಾಯಾನೂ ಇಲ್ದೆ ಆರಾಮಾಗಿ ಅರ್ಥ ಆಗ್ಬೇಕು ಅಂದ್ರೆ ಸುಮಾರು 98 ಪರ್ಸೆಂಟ್ ಪದ ಗೊತ್ತಿರ್ಬೇಕು, ಅಂದ್ರೆ ನೂರಕ್ಕೆ ಎರಡು ಗೊತ್ತಿಲ್ದಿದ್ರೆ ಪರವಾಗಿಲ್ಲ. ನಿಮಗೆ ಎಂಟು ಹತ್ತು ಬರ್ತಿದ್ರೆ ಟೆಕ್ನಿಕ್ ಯಾವುದೂ ಕೆಲಸ ಮಾಡಲ್ಲ, ಟೆಸ್ಟ್ ಡೇಟ್ ಮುಂದಕ್ಕೆ ಹಾಕಿ.

ಮೂರು ಸಾವಿರ ಪದದ ಪಿಡಿಎಫ್ ಕಂಠಪಾಠ ಮಾಡೋದು ಮಾತ್ರ ಬೇಡ. ಹಂಗೆ ಕಲಿತ ಪದ ಪ್ಯಾಸೇಜಲ್ಲಿ ಎದುರಿಗೆ ಬಂದ್ರೂ ಗುರುತು ಸಿಗಲ್ಲ. ಆವರಿಲ್ ಕಾಕ್ಸ್‌ಹೆಡ್ ಅನ್ನೋರು 2000ದಲ್ಲಿ ಮಾಡಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ, 570 ಪದ ಕುಟುಂಬಗಳು (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪು), ಎಲ್ಲ ಸಬ್ಜೆಕ್ಟಿನ ಬರಹದಲ್ಲೂ ತಿರುಗಿ ತಿರುಗಿ ಬರೋವು. ಅದರಿಂದ ಶುರು ಮಾಡಿ, ಪದವನ್ನ ನೀವು ಓದಿದ ವಾಕ್ಯದ ಜೊತೆಗೇ ನೋಟ್‌ಬುಕ್ಕಿಗೆ ಇಳಿಸಿ.

ಗೊತ್ತಿಲ್ದಿರೋ ಪದಕ್ಕಿಂತ ಗೊತ್ತಿದೆ ಅಂದ್ಕೊಂಡಿರೋ ಪದ ಡೇಂಜರ್. ಹಾರ್ಡ್ಲಿ ಅಂದ್ರೆ ಕಷ್ಟಪಟ್ಟು ಅಂತ ಓದೋರು ಎಷ್ಟು ಜನ ಇದಾರೆ ಗೊತ್ತಾ, ಅದರ ಅರ್ಥ "ಹೆಚ್ಚುಕಮ್ಮಿ ಇಲ್ಲವೇ ಇಲ್ಲ" ಅಂತ, ಇಡೀ ವಾಕ್ಯ ಉಲ್ಟಾ ಆಗೋಯ್ತು. ಫ್ಯೂ ಬೇರೆ, ಎ ಫ್ಯೂ ಬೇರೆ, ಮೊದಲನೇದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಎರಡನೇದು ಕೆಲವು. ಅಕೌಂಟ್ ಫಾರ್ ಅಂದ್ರೆ ಬ್ಯಾಂಕಿಗೆ ಸಂಬಂಧ ಇಲ್ಲ, ಕಾರಣ ಕೊಡೋದು, ಇಲ್ಲಾ ಒಟ್ಟಲ್ಲಿ ಇಷ್ಟು ಪಾಲು ಆಗೋದು. ಫಾರ್ ಫ್ರಮ್ ಕ್ಲಿಯರ್ ಅಂದ್ರೆ ಸ್ಪಷ್ಟ ಇಲ್ಲ ಅಂತ. ಡಿಕ್ಷನರಿ ತೆಗೆಯೋಣ ಅಂತ ಅನ್ನಿಸದೇ ಇರೋ ಪದಗಳು ಇವೇ, ಅದಕ್ಕೇ ಕೆಂಪು ಇಂಕಲ್ಲೂ ಸಿಕ್ಕಿಬೀಳಲ್ಲ.

ಓದೋಕೆ ಏನು ಅಂತ ಕೇಳ್ತೀರ. ಪ್ರಜಾವಾಣಿಲಿ ಒಂದು ಸುದ್ದಿ ಓದಿ ಅದೇ ವಿಷಯ ಡೆಕ್ಕನ್ ಹೆರಾಲ್ಡಲ್ಲೋ ಇನ್ಯಾವುದಾದ್ರೂ ಇಂಗ್ಲಿಷ್ ಪೇಪರಲ್ಲೋ ಓದಿ, ವಿಷಯ ಮೊದಲೇ ಗೊತ್ತಿದ್ರೆ ಪದದ ಅರ್ಥ ಸಂದರ್ಭದಿಂದಲೇ ಸಿಗುತ್ತೆ. ಕ್ರಿಕೆಟ್ ಪೇಜು ಬೇಡ, ಅದು ನಿಮಗೆ ಬರುತ್ತೆ. ಎಡಿಟ್ ಪೇಜ್, ಸೈನ್ಸು, ಪರಿಸರ, ಹಳೇ ಕಟ್ಟಡ, ಇಂಥವು ಓದಿ.

ಲಕ್ಷಣ: ಮೂರನೇ ಪ್ಯಾಸೇಜ್ ಮುಟ್ಟೋಕೇ ಆಗಲ್ಲ

ನೀಲಿ ಕಪ್ಪಿನ ಮಧ್ಯೆ ದೊಡ್ಡ ಗ್ಯಾಪ್ ಇರೋರ ಕಥೆ. ಇವರಿಗೆಲ್ಲ ಸ್ಪೀಡ್ ರೀಡಿಂಗ್ ಕೋರ್ಸ್ ಮಾರೋರು ಕಾದಿರ್ತಾರೆ. ಲೆಕ್ಕ ಹಾಕಿ ನೋಡಿ, 2750 ಪದವನ್ನ ನಿಮಿಷಕ್ಕೆ 150ರಂತೆ ಒಂದು ಸಲ ಓದಿದ್ರೆ ಸುಮಾರು 18 ನಿಮಿಷ, ಇನ್ನೂ 42 ನಿಮಿಷ ಪ್ರಶ್ನೆಗೇ ಇದೆ. ನಿಮಿಷಕ್ಕೆ ನೂರೇ ಪದ ಓದೋನಿಗೂ 28 ನಿಮಿಷದೊಳಗೆ ಮುಗಿಯುತ್ತೆ. ಅಂದ್ರೆ ನಿಧಾನ ಓದು ಅಷ್ಟು ದೊಡ್ಡ ಶತ್ರು ಅಲ್ಲ. ಅದೇ ನೂರರ ಸ್ಪೀಡಲ್ಲಿ ಮೂರು ಸಲ ಓದಿದ್ರೆ 80 ನಿಮಿಷ ದಾಟುತ್ತೆ, ಟೈಮ್ ಹೋಗ್ತಿರೋದು ಇಲ್ಲೇ. ಪ್ರತಿ ಪ್ರಶ್ನೆಗೂ ಪ್ಯಾಸೇಜಿನ ತಲೆಯಿಂದ ಶುರು ಮಾಡ್ತಾರೆ, ಯಾಕಂದ್ರೆ ಎಲ್ಲಿ ಏನಿದೆ ಅಂತ ನೆನಪಿಲ್ಲ.

ಹಂಗಾಗಿ ಮೊದಲ ಓದಲ್ಲೇ ಪ್ರತಿ ಪ್ಯಾರಾ ಪಕ್ಕ ಮೂರು ನಾಲ್ಕು ಪದ ಕನ್ನಡದಲ್ಲೇ ಗೀಚಿ: "ಹಳೇ ಥಿಯರಿ", "ಅದಕ್ಕೆ ವಿರೋಧ", "ಪ್ರಯೋಗ ಫೇಲ್". ಕಂಪ್ಯೂಟರಲ್ಲಿ ಬರೆಯೋರು ಹೈಲೈಟ್ ಆಪ್ಷನ್ ಬಳಸಿ. ಇದೇ ಮ್ಯಾಚಿಂಗ್ ಹೆಡಿಂಗ್ಸ್ ಪ್ರಶ್ನೆಗೂ ಔಷಧ, ಅಲ್ಲಿ ಪ್ಯಾರಾಗಿಂತ ಹೆಡಿಂಗ್ ಜಾಸ್ತಿ ಕೊಟ್ಟಿರ್ತಾರೆ, ಮೊದಲ ಲೈನ್ ಮಾತ್ರ ಓದಿ ಹೆಡಿಂಗ್ ಹಾಕೋನು ಮಧ್ಯದಲ್ಲಿ "ಹೌಎವರ್" ಅಂತ ತಿರುಗಿದ್ದನ್ನ ನೋಡೇ ಇರಲ್ಲ. ಮ್ಯಾಚಿಂಗ್ ಇನ್‌ಫರ್ಮೇಶನ್, ಅಂದ್ರೆ ಈ ವಿಷಯ ಯಾವ ಪ್ಯಾರಾದಲ್ಲಿದೆ ಅನ್ನೋದು, ಕ್ರಮದಲ್ಲಿ ಬರಲ್ಲ, ಅದನ್ನ ಆ ಪ್ಯಾಸೇಜಿನ ಕೊನೇಗೆ ಇಟ್ಕೊಳಿ. ಮೊದಲ ಪ್ಯಾಸೇಜ್ ಸುಲಭ ಇರುತ್ತೆ, ಅದನ್ನ ಹದಿನಾರು ಹದಿನೇಳು ನಿಮಿಷಕ್ಕೆ ಮುಗಿಸಿ ಉಳಿಸಿದ್ದನ್ನ ಮೂರನೇದಕ್ಕೆ ಹಾಕಿ.

ಯೂಟ್ಯೂಬಲ್ಲಿ "ಪ್ಯಾಸೇಜ್ ಓದಲೇಬೇಡಿ, ಕೀವರ್ಡ್ ಹುಡುಕಿ ಸಾಕು" ಅನ್ನೋ ವಿಡಿಯೋಗಳಿವೆ. 5ರಿಂದ 5.5ಗೆ ಅದು ಕೆಲಸ ಮಾಡಬಹುದೇನೋ, ಅದರ ಮೇಲೆ ಅದೇ ಟ್ರಿಕ್ ನಿಮ್ಮನ್ನ ಕೆಳಗೆ ಎಳೆಯುತ್ತೆ.

ಸಣ್ಣ ಪುಟ್ಟ ಸೋರಿಕೆ

"ನೋ ಮೋರ್ ದ್ಯಾನ್ ಟೂ ವರ್ಡ್ಸ್" ಅಂದಾಗ ಮೂರು ಪದ ಬರೆದ್ರೆ ಸೊನ್ನೆ. ಸ್ಪೆಲ್ಲಿಂಗ್ ತಪ್ಪಿದ್ರೂ ಸೊನ್ನೆ, ಪ್ಯಾಸೇಜಿಂದಲೇ ನೋಡಿ ಇಳಿಸೋದ್ರಲ್ಲೂ ಕೊನೇ ಎಸ್ ಬಿಡೋರಿದಾರೆ. ಯೆಸ್/ನೋ ಕೇಳಿದ ಕಡೆ ಟ್ರೂ/ಫಾಲ್ಸ್ ಬರೀಬೇಡಿ, ಯೆಸ್/ನೋ ಬರೋದು ಲೇಖಕರ ಅಭಿಪ್ರಾಯ ಕೇಳೋವಾಗ.

ರಿಪೇರಿ ಆಯ್ತಾ ಅಂತ ನೋಡೋದು

ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ ಹಾಕಿ: ಪದಕ್ಕೆ ಪ, ವಾಕ್ಯಕ್ಕೆ ವಾ, ಟೈಮಿಗೆ ಟೈ, ಪ್ರಶ್ನೆ ಬಲೆಗೆ ಬ. "ಕೇರ್‌ಲೆಸ್" ಅಂತ ಬರೆಯೋಕೆ ಜಾಗ ಇಲ್ಲ, ಆ ಪದದಲ್ಲಿ ಎಲ್ಲ ಮುಚ್ಚಿಹೋಗುತ್ತೆ, ತಪ್ಪಿಗೆ ಈ ನಾಲ್ಕರಲ್ಲಿ ಒಂದು ಕಾರಣ ಇದ್ದೇ ಇರುತ್ತೆ. ಯಾವ ಅಕ್ಷರ ಜಾಸ್ತಿ ಬಂತೋ ಅದರ ಮೇಲೆ ಮಾತ್ರ ಎರಡು ವಾರ ಕೂರಿ, ಆ ಎರಡು ವಾರ ಫುಲ್ ಮಾಕ್ ಟೆಸ್ಟ್ ಬೇಡ, ಆಮೇಲೆ ಮತ್ತೆ ಮೂರು ಇಂಕು. ವಾರಕ್ಕೆ ಐದು ಮಾಕ್ ಬರೆದು ಸ್ಕೋರ್ ಮಾತ್ರ ನೋಡಿ ಪೇಪರ್ ಮಡಚಿಡೋರು ಅದೇ 5.5ನ್ನ ಐದು ಸಲ ನೋಡ್ತಾರೆ, ಬೇರೇನೂ ಆಗಲ್ಲ.

ಪರೀಕ್ಷೆ ಬರೆದು ಬೇರೆಲ್ಲ ಬಂದು ರೀಡಿಂಗ್ ಒಂದೇ ಅರ್ಧ ಬ್ಯಾಂಡ್ ಕಡಿಮೆ ಬಂದಿದ್ರೆ ಕಂಪ್ಯೂಟರ್ ಟೆಸ್ಟ್ ಬರೆದೋರಿಗೆ ಒನ್ ಸ್ಕಿಲ್ ರೀಟೇಕ್ ಅಂತ ಇದೆ, ಆ ಒಂದು ಭಾಗ ಮಾತ್ರ 60 ದಿನದೊಳಗೆ ಮತ್ತೆ ಬರೀಬಹುದು. ಆದ್ರೆ ಎಲ್ಲ ಯೂನಿವರ್ಸಿಟಿನೂ ಆ ರಿಸಲ್ಟ್ ಒಪ್ಪಲ್ಲ, ಹಂಗಾಗಿ ಸ್ಲಾಟ್ ಬುಕ್ ಮಾಡೋ ಮುಂಚೆ ನೀವು ಹೋಗೋ ಕಡೆಯ ಅಡ್ಮಿಷನ್ ಆಫೀಸಿಗೆ ಒಂದು ಮೇಲ್ ಹಾಕಿ, ಟ್ರಾನ್ಸ್‌ಫರ್ ಸ್ಟೂಡೆಂಟಿಗೆ ರೀಟೇಕ್ ನಡೆಯುತ್ತಾ ಅಂತ ಬರವಣಿಗೇಲಿ ತರಿಸ್ಕೊಳಿ.